ಮಹಾನಸದ ಹೊಗೆಯೂ ಗವಾಕ್ಷದ ಬೆಳಕೂ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನನ್ನು ಶಾಸ್ತ್ರವು ಮೊತ್ತಮೊದಲು ಕರೆದೊಯ್ಯುವ ಸ್ಥಳವು ಅಡುಗೆಮನೆ. ಹೊಗೆಗೂ ಬೆಂಕಿಗೂ ಉಳ್ಳ ವ್ಯಾಪ್ತಿಯನ್ನು ಮನಗಾಣಿಸುವುದಕ್ಕಾಗಿ ಅನ್ನಂಭಟ್ಟನು ಹದಿನೇಳನೆಯ ಶತಮಾನದ ತನ್ನ ತರ್ಕಸಂಗ್ರಹದಲ್ಲಿ ಮಹಾನಸವನ್ನೇ ದೃಷ್ಟಾಂತವಾಗಿ ಕೊಟ್ಟಿರುವನು. ಬೆಟ್ಟದ ಮೇಲೆ ಬೆಂಕಿಯಿದೆಯೋ ಇಲ್ಲವೋ ಎಂಬುದು ಸಂದಿಗ್ಧ. ಮಡುವಿನಲ್ಲಿ ಬೆಂಕಿಯಿಲ್ಲವೆಂಬುದು ನಿಶ್ಚಿತ. ಮಹಾನಸದಲ್ಲಿ ಹೊಗೆಯೂ ಬೆಂಕಿಯೂ ಜೊತೆಯಾಗಿರುವುವೆಂಬುದು ಎಲ್ಲರೂ ಕಂಡುದು. ಈ ದೃಷ್ಟಾಂತವು ಅನ್ನಂಭಟ್ಟನಿಗಿಂತ ಬಹಳ ಹಿಂದಿನಿಂದ ನೈಯಾಯಿಕರ ಪರಂಪರೆಯಲ್ಲಿ ಬಂದುದು. ಇಷ್ಟು ಜನ ಪಂಡಿತರು ಇಷ್ಟು ಕಾಲ ಅಡುಗೆಮನೆಯ ಹೊಗೆಯನ್ನು ಕುರಿತು ಮಾತನಾಡಿದರೂ, ಆ ಹೊಗೆಯಲ್ಲಿ ಕುಳಿತವರು ಯಾರು ಎಂಬ ಪ್ರಶ್ನೆಯು ಅವರ ವಾದಗಳಲ್ಲಿ ಏಳಲಿಲ್ಲ. ಅದು ಅವರ ಶಾಸ್ತ್ರದ ವಿಷಯವೂ ಅಲ್ಲವೆನ್ನಿ.

ಆದರೆ ಅದೇ ಶಾಸ್ತ್ರದಲ್ಲಿ ಪ್ರಕೃತ ವಿಚಾರಕ್ಕೆ ಬಹು ಉಪಯುಕ್ತವಾದ ಇನ್ನೊಂದು ಮಾತುಂಟು. ಹೊಗೆಯಿದ್ದಲ್ಲಿ ಬೆಂಕಿಯಿರಲೇಬೇಕಾದರೂ, ಬೆಂಕಿಯಿದ್ದಲ್ಲಿ ಹೊಗೆಯಿರಲೇಬೇಕೆಂಬ ನಿಯಮವಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆಯು ಹುಟ್ಟಬೇಕಾದರೆ ಹಸಿಯಾದ ಉರುವಲಿನ ಸಂಬಂಧವು ಕೂಡಿಬರಬೇಕು. ಇದನ್ನೇ ನೈಯಾಯಿಕರು ಆರ್ದ್ರೇಂಧನಸಂಯೋಗವೆಂಬ ಉಪಾಧಿಯೆಂದು ಕರೆದಿರುವರು. ಹಾಗಾದರೆ ಮಹಾನಸಕ್ಕೆ ಹೊಗೆಯು ಸ್ವಭಾವಸಿದ್ಧವಾದುದಲ್ಲ, ಸೌದೆಯಿಂದ ಬಂದುದು. ಕನ್ನಡನಾಡಿನ ಅಡುಗೆಮನೆಯು ಮನೆಯ ಹಿಂಬದಿಯ ಕತ್ತಲೆಯಿಂದ ಹೊರಟು, ಗೋಡೆಯನ್ನು ಕಳೆದುಕೊಂಡು, ನಡುಮನೆಯ ಬೆಳಕಿಗೆ ಬಂದು ಸೇರಿದ ಇತಿಹಾಸವನ್ನು ವಿಚಾರಿಸಿದರೆ, ಅದು ಬಹುಮಟ್ಟಿಗೆ ಈ ಒಂದು ಉಪಾಧಿಯು ಕಳಚಿದ ಇತಿಹಾಸವೇ ಆಗಿರುವುದು.

ಮಹಾನಸವೆಂಬ ಸಂಸ್ಕೃತ ಶಬ್ದವೇ ತದ್ಭವವಾಗಿ ಹಳಗನ್ನಡದಲ್ಲಿ ಬಾಣಸವೆಂದಾಯಿತು. ಅಲ್ಲಿ ಕೆಲಸಮಾಡುವವನು ಬಾಣಸಿಗ. ಅಡು ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ಅಡುಗೆಯು ಮನೆಯೊಡನೆ ಸೇರಿ ಇಂದಿನ ಹೆಸರನ್ನು ಕೊಟ್ಟಿತು. ಬಾಣಸಿಗನೆಂದರೆ ಅರಮನೆಯ ಅಥವಾ ದೊಡ್ಡ ಸತ್ರದ ಗಂಡಾಳು ನೆನಪಿಗೆ ಬರುವನು. ಅಡುಗೆಮನೆಯೆಂದರೆ ಮನೆಯ ಹೆಂಗಸು. ಪಾಕಶಾಸ್ತ್ರವನ್ನು ಬರೆದವರು ಮೊದಲನೆಯದನ್ನೇ ಕಣ್ಣಮುಂದಿಟ್ಟುಕೊಂಡಂತೆ ತೋರುತ್ತದೆ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ವಾಸ್ತುವಿನ ಪ್ರಕರಣವೂ ಉಂಟು, ಸೂಪಶಾಸ್ತ್ರದ ಪ್ರಕರಣವೂ ಉಂಟು. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಅನ್ನಭೋಗದಲ್ಲಿ ಇಡ್ಡರಿಕೆ, ಧೋಸಕಗಳಿಂದ ಹಿಡಿದು ಬಗೆಬಗೆಯ ಮಾಂಸದ ಅಡುಗೆಗಳವರೆಗೆ ವಿವರಿಸಿರುವನು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಹೇಳಿದನು. ೧೭೦೯ರಲ್ಲಿ ಮುಗಿದ ಕೆಳದಿಯ ಬಸವಪ್ಪನಾಯಕನ ಶಿವತತ್ತ್ವರತ್ನಾಕರದಲ್ಲಿ ಭಕ್ಷ್ಯಗಳ ಜೊತೆಗೆ ಅರಮನೆಯ ಪಾಕಶಾಲೆಯ ಪ್ರಸ್ತಾಪವೂ ಬರುತ್ತದೆ. ಇವೆಲ್ಲವೂ ಕನ್ನಡಿಗರು ಹೆಮ್ಮೆಪಡತಕ್ಕ ಗ್ರಂಥಗಳೇ. ಆದರೆ ಇವುಗಳ ಗಮನವೆಲ್ಲ ಬಾಳೆಲೆಗೆ ಬರುವ ಪದಾರ್ಥದ ಮೇಲೆ. ಅದು ಬೇಯುವ ಕೋಣೆಯ, ಅದರಲ್ಲಿಯೂ ಸಾಮಾನ್ಯ ಗೃಹಸ್ಥನ ಮನೆಯ ಕೋಣೆಯ ಮೇಲಲ್ಲ.

ಕೋಣೆಯು ಹೇಗಿರಬೇಕೆಂಬುದನ್ನು ತಿಳಿಯಬೇಕಾದರೆ ಪಾಕಶಾಸ್ತ್ರವನ್ನು ಬಿಟ್ಟು ಬೇರೆ ಕಡೆ ಹೋಗಬೇಕು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಹಾನಸವು ಆಗ್ನೇಯದಲ್ಲಿರಬೇಕೆಂದು ದಿಕ್ಕನ್ನು ಮಾತ್ರ ಹೇಳಿ ಮುಂದೆ ಸಾಗಿರುವನು. ಮುಖ್ಯವಾದ ಮಾತು ಸುಶ್ರುತಸಂಹಿತೆಯಲ್ಲಿ ದೊರೆಯುತ್ತದೆ. ಅದರ ಕಲ್ಪಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಮಹಾನಸವು ಒಳ್ಳೆಯ ದಿಕ್ಕಿನಲ್ಲಿ ಒಳ್ಳೆಯ ಸ್ಥಳದಲ್ಲಿರಬೇಕು, ವಿಶಾಲವಾಗಿಯೂ ಶುಚಿಯಾಗಿಯೂ ಇರಬೇಕು, ಪಾತ್ರೆಗಳು ಚೊಕ್ಕಟವಾಗಿರಬೇಕು, ಜಾಲಂದರಗಳೂ ಹಲವು ಗವಾಕ್ಷಗಳೂ ಇರಬೇಕು, ನಂಬಿಕೆಗೆ ಪಾತ್ರರಾದವರೇ ಅಲ್ಲಿ ಓಡಾಡಬೇಕು ಎಂದು ವಿಧಿಸಿದೆ. ಇಂದು ಮನೆಯನ್ನು ಹೊಸದಾಗಿ ಮಾರ್ಪಡಿಸುವವರು ಶಿಲ್ಪಿಯ ಮುಂದೆ ಇಡುವ ಬೇಡಿಕೆಗಳಲ್ಲಿ ಬಹುಪಾಲು ಇದರಲ್ಲಿಯೇ ಅಡಕವಾಗಿದೆ. ದಿಕ್ಕನ್ನು ಕೇಳಿ ಜೋಯಿಸರ ಮನೆಗೆ ಹೋಗುವವರು ಇಷ್ಟೊಂದಿರುವಾಗ, ಕಿಟಕಿಯನ್ನು ಕೇಳುವವರು ಮೊನ್ನೆಮೊನ್ನೆಯವರೆಗೆ ಇಲ್ಲದೆ ಹೋದುದು ಸೋಜಿಗವೇ ಸರಿ.

ಆದರೆ ಈ ವಚನದ ಸಂದರ್ಭವನ್ನು ಮರೆಯಲಾಗದು. ಆ ಅಧ್ಯಾಯದ ಹೆಸರು ಅನ್ನಪಾನರಕ್ಷಾಕಲ್ಪ. ವಿಷಪ್ರಯೋಗದಿಂದ ರಾಜನನ್ನು ಕಾಪಾಡುವುದು ಅದರ ವಿಷಯ. ವಿಷ ಬೆರೆತ ಅನ್ನವನ್ನು ಬೆಂಕಿಗೆ ಹಾಕಿದರೆ ಉರಿಯು ಚಟಚಟನೆ ಸಿಡಿದು ನವಿಲಿನ ಕೊರಳ ಬಣ್ಣವನ್ನು ತಾಳುವುದೆಂದೂ, ಹಾಲು ನೀರು ಮುಂತಾದ ದ್ರವಗಳಲ್ಲಿ ಬಣ್ಣಬಣ್ಣದ ಗೆರೆಗಳೂ ನೊರೆಯೂ ಏಳುವುವೆಂದೂ, ಚಕೋರದ ಕಣ್ಣಿನ ಕೆಂಪು ಮಾಯುವುದೆಂದೂ ಅಲ್ಲಿ ವರ್ಣಿಸಿದೆ. ಇವೆಲ್ಲವೂ ಕಣ್ಣಿನಿಂದ ಕಂಡು ನಿಶ್ಚಯಿಸತಕ್ಕ ಲಕ್ಷಣಗಳು. ಕತ್ತಲೆಯ ಕೋಣೆಯಲ್ಲಿ ಹಾಲಿನ ಮೇಲಿನ ನೀಲಿಗೆರೆಯನ್ನು ಯಾವ ವೈದ್ಯನು ತಾನೇ ಕಂಡಾನು? ಆದುದರಿಂದ ಗವಾಕ್ಷಗಳು ಬೇಕಾದುದು ಅಡುಗೆಯವರ ಕಣ್ಣಿಗಾಗಿ ಅಲ್ಲ, ಅರಸನ ಪ್ರಾಣಕ್ಕಾಗಿ ಎಂದು ಊಹಿಸುವುದರಲ್ಲಿ ತಪ್ಪಿಲ್ಲ. ಕೌಟಿಲ್ಯನಾದರೋ ಅದೇ ಭಯದಿಂದ ಬೇರೊಂದು ದಾರಿಯನ್ನು ಹಿಡಿದಿರುವನು: ಅರಸನ ಅಡುಗೆಯು ಗುಪ್ತವಾದ ಸ್ಥಳದಲ್ಲಿ, ಮತ್ತೆ ಮತ್ತೆ ರುಚಿನೋಡಿ ಪರೀಕ್ಷಿಸುತ್ತ, ನಡೆಯಬೇಕೆಂಬುದು ಅವನ ವಿಧಿ. ಒಬ್ಬನು ಬೆಳಕನ್ನು ಬೇಡಿದನು. ಇನ್ನೊಬ್ಬನು ಮರೆಯನ್ನು ಬೇಡಿದನು. ಗೃಹಸ್ಥನ ಮನೆಗೆ ಇಳಿದುಬಂದುದು ಎರಡನೆಯದು ಮಾತ್ರ.

ಗೃಹಸ್ಥನ ಮನೆಗೆ ವಿಷದ ಭಯವಿರಲಿಲ್ಲ, ಮಡಿಯ ಭಯವಿದ್ದಿತು. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನು ತೆಗೆದುಕೊಳ್ಳಬಹುದು. ಬೀದಿಯ ಕಡೆಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮನೆಯ ಬೆಳಕೆಲ್ಲ ಈ ತೊಟ್ಟಿಯಿಂದ ಬರತಕ್ಕುದು. ತೊಟ್ಟಿಯಿಂದ ದೂರವಾದಷ್ಟೂ ಕೋಣೆಯು ಶುದ್ಧವೂ ಹೌದು, ಕತ್ತಲೆಯೂ ಹೌದು. ಪರರ ಕಣ್ಣು ಬೀಳಬಾರದ ಅಡುಗೆಮನೆಯೂ ದೇವರಮನೆಯೂ ಹಿಂಬದಿಯಲ್ಲಿ ಒತ್ತಿಗೆ ಒತ್ತಾಗಿ ನಿಲ್ಲುತ್ತಿದ್ದುವು. ಅಲ್ಲಿಂದ ಹಿತ್ತಿಲಿಗೂ ಬಾವಿಗೂ ಒಂದು ಬಾಗಿಲು. ಮಡಿಯುಟ್ಟವಳು ನೀರು ಸೇದಿ ತಂದು ಒಲೆಯ ಮುಂದೆ ಕುಳಿತರೆ ಮನೆಯವರ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಅತಿಥಿಯು ಪಡಸಾಲೆಯಲ್ಲಿ ಉಂಡು ತೃಪ್ತನಾಗಿ ಎದ್ದುಹೋದರೂ ಅಡುಗೆ ಮಾಡಿದವಳ ಮುಖವನ್ನು ಕಾಣದೆ ಹೋಗುವುದು ಸಾಮಾನ್ಯವಾಗಿದ್ದಿತು. ಬಯಲುಸೀಮೆಯ ಮಾಳಿಗೆಮನೆಗಳಲ್ಲಿ ಮಾಡಿನ ಬೆಳಕಿಂಡಿಯೊಂದೇ ಹೊಗೆಗೂ ದಾರಿ, ಬೆಳಕಿಗೂ ದಾರಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಗವಾಕ್ಷವೆಂಬ ಪದವನ್ನು ಬಿಡಿಸುವಾಗ ವೈಯಾಕರಣರು ಅದರಲ್ಲಿರುವ ಕಣ್ಣು ನೋಡುವ ಕಣ್ಣಲ್ಲವೆಂದು ಹೇಳಿ ಸಮಾಸಾಂತವನ್ನು ಸಾಧಿಸುವರು. ಆ ಮನೆಗಳ ಗವಾಕ್ಷಿಗಳಿಗೆ ಈ ವ್ಯಾಕರಣವು ಅಕ್ಷರಶಃ ಒಪ್ಪುತ್ತಿದ್ದಿತು.

ಹೊಗೆಯನ್ನು ಕೇವಲ ಶತ್ರುವೆಂದು ಎಣಿಸಿದರೆ ಹಿಂದಿನವರಿಗೆ ಅನ್ಯಾಯವಾದೀತು. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟವು ಮಳೆಗಾಲದ ಕಣಜ. ಬಿತ್ತನೆಯ ಬೀಜ, ಒಣಗಬೇಕಾದ ಸೌದೆ, ಹುಳು ಹತ್ತಬಾರದ ಪದಾರ್ಥ, ಇವೆಲ್ಲವೂ ಆ ಅಟ್ಟದ ಹೊಗೆಯಲ್ಲಿ ಉಳಿಯುತ್ತಿದ್ದುವು. ಹುಲ್ಲಿನ ಮಾಡಿಗೂ ಬಿದಿರಿನ ಗಳುಗಳಿಗೂ ಹೊಗೆಯೇ ರಕ್ಷೆ. ಒಲೆಯ ಪಕ್ಕದಲ್ಲಿ ಕೋಡೊಲೆಯನ್ನು ಕೂಡಿಸಿ, ಒಂದೇ ಉರಿಯಲ್ಲಿ ಅನ್ನವನ್ನೂ ಸಾರನ್ನೂ ಬೇಯಿಸಿದ ಜಾಣ್ಮೆ ಅಲ್ಪವಾದುದಲ್ಲ. ಮಾಡಿನಿಂದ ಜೋಲುತ್ತಿದ್ದ ಮಸಿಯ ಎಳೆಗಳಿಗೆ ಇಲ್ಲಣವೆಂಬ ಪ್ರತ್ಯೇಕವಾದ ಹೆಸರೇ ಕನ್ನಡದಲ್ಲಿ ಇರುವುದು. ಅದನ್ನು ಹೊಡೆದು ತೆಗೆಯುವುದು ಹಬ್ಬಕ್ಕೆ ಮುಂಚಿನ ಒಂದು ದೊಡ್ಡ ಕೆಲಸ. ಆದರೆ ಬೀಜವು ಉಳಿದ ಅದೇ ಹೊಗೆಯಲ್ಲಿ ಕಣ್ಣು ಉಳಿಯಲಿಲ್ಲ. ಮಳೆಗಾಲದಲ್ಲಿ ಹಸಿ ಸೌದೆಗೆ ಊದುಕೊಳವೆಯಿಂದ ಊದಿ ಊದಿ ಕಣ್ಣೀರಿಟ್ಟವಳಿಗೆ ಆರ್ದ್ರೇಂಧನಸಂಯೋಗವೆಂಬುದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗೆ ಅಡುಗೆಮನೆಯ ಗೋಡೆಯು ಎರಡು ಕಾರಣಗಳಿಂದ ನಿಂತಿದ್ದಿತು: ಒಳಗಿನ ಹೊಗೆಯು ಹೊರಗೆ ಬರಬಾರದು, ಹೊರಗಿನ ಮೈಲಿಗೆಯು ಒಳಗೆ ಹೋಗಬಾರದು. ಇವುಗಳಲ್ಲಿ ಮಡಿಯೇ ಮುಖ್ಯ, ಅದು ಸಡಿಲವಾದುದರಿಂದಲೇ ಗೋಡೆಯು ಬಿದ್ದಿತು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಇದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಮಡಿಯ ಕಟ್ಟುಪಾಡು ಇಲ್ಲದಿದ್ದ ಅಥವಾ ಅತ್ಯಲ್ಪವಾಗಿದ್ದ ಒಕ್ಕಲುಮನೆಗಳಲ್ಲಿಯೂ ಒಲೆಯು ಮೂಲೆಯಲ್ಲಿಯೇ, ಕತ್ತಲೆಯಲ್ಲಿಯೇ ಇದ್ದಿತು. ಮಡಿಯು ಸಡಿಲವಾದ ಎಷ್ಟೋ ಪಟ್ಟಣದ ಮನೆಗಳಲ್ಲಿ ಸೌದೆಯು ಉಳಿದಿದ್ದವರೆಗೆ ಗೋಡೆಯೂ ಉಳಿದಿದ್ದಿತು. ಸೌದೆಯು ಹೋದ ಮೇಲೆ, ಮಡಿಯನ್ನು ಇನ್ನೂ ಬಿಡದ ಮನೆಗಳೂ ಗೋಡೆಯನ್ನು ಅರ್ಧಕ್ಕೆ ಇಳಿಸಿದುದುಂಟು. ಕಾರ್ಯಕಾರಣಗಳ ಅನ್ವಯವ್ಯತಿರೇಕಗಳನ್ನು ನೋಡಿದರೆ ಹೊಗೆಯ ಪಕ್ಷವೇ ಬಲವಾಗಿ ಕಾಣುತ್ತದೆ.

ಮೊದಲ ಬೆಳಕು ಬಂದುದು ಗೋಡೆಯಿಂದಲ್ಲ, ಮಾಡಿನಿಂದ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಹುಲ್ಲು, ಸೋಗೆಗಳ ಜಾಗದಲ್ಲಿ ಮಂಗಳೂರು ಹೆಂಚು ಬಂದ ಮೇಲೆ ಒಲೆಯ ಕಿಡಿಯಿಂದ ಮನೆಯೇ ಉರಿದುಹೋಗುವ ಭಯವು ತಗ್ಗಿತು. ಮಣ್ಣಿನ ಹೆಂಚುಗಳ ಸಾಲಿನ ನಡುವೆ ಅದೇ ಅಚ್ಚಿನ ಒಂದೆರಡು ಗಾಜಿನ ಹೆಂಚುಗಳನ್ನು ಕೂಡಿಸುವ ಪದ್ಧತಿಯು ಹಬ್ಬಿತು. ಒಲೆಯ ಮೇಲೆ ಬೀಳುವ ಆ ಒಂದು ಚೌಕದ ಬಿಸಿಲು ಅಡುಗೆಯವಳಿಗೆ ಗಡಿಯಾರವೂ ಆಗಿದ್ದಿತು. ಅನಂತರ ವಿದ್ಯುತ್ತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದು, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಗಣಿಗೆ ಮೊದಲು, ಬೀದಿಗೆ ಆಮೇಲೆ, ಮನೆಗೆ ಅದಕ್ಕೂ ಆಮೇಲೆ. ಮನೆಯೊಳಗೂ ಪಡಸಾಲೆಗೆ ಮೊದಲು, ಅಡುಗೆಮನೆಗೆ ಕೊನೆಗೆ. ದೀಪವು ಬಂದ ಬಳಿಕವೂ ಹೊಗೆಯು ಹೋಗಲಿಲ್ಲ. ಮಸಿ ಹಿಡಿದ ಬುರುಡೆಯ ಕೆಂಪು ಬೆಳಕನ್ನು ಕಂಡವರು ಇದನ್ನು ಬಲ್ಲರು.

ಹೊಗೆಯನ್ನು ಹೊರಗೆ ಕಳುಹಿಸುವ ಪ್ರಯತ್ನಗಳು ಹಲವು ನಡೆದುವು. ೧೯೫೩ರಲ್ಲಿ, ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆಗಳು ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಹೊತ್ತಗೆಯನ್ನು ಪ್ರಕಟಿಸಿದರು. ಕಲಬುರಗಿ, ರಾಯಚೂರು, ಬೀದರ ಸೀಮೆಗಳು ಆಗ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ೧೯೭೪ರಲ್ಲಿ ಅಸ್ತ್ರವೆಂಬ ಗ್ರಾಮೋಪಯೋಗಿ ತಂತ್ರಜ್ಞಾನದ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ರೂಪುಗೊಂಡ ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯು ಅಸ್ತ್ರ ಒಲೆಯೆಂದೇ ಹಳ್ಳಿಗಳಲ್ಲಿ ಹೆಸರಾಯಿತು. ಭಾರತ ಸರ್ಕಾರವೂ ೧೯೮೩ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಇವುಗಳಿಂದ ಸೌದೆಯೂ ಉಳಿಯಿತು, ಹೊಗೆಯೂ ತಗ್ಗಿತು. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯಬೇಕು, ಮಣ್ಣು ಬಿರಿದರೆ ಮೆತ್ತಬೇಕು, ಪಾತ್ರೆಯ ಅಳತೆ ಬದಲಾದರೆ ಒಲೆಯ ಬಾಯನ್ನು ತಿದ್ದಬೇಕು. ಈ ಉಪಚಾರವು ತಪ್ಪಿದಲ್ಲಿ ಹೊಗೆಯು ಮತ್ತೆ ತನ್ನ ಹಳೆಯ ಮನೆಗೆ ಮರಳಿತು. ಉಪಾಧಿಯನ್ನು ಉಳಿಸಿಕೊಂಡು ಕಾರ್ಯವನ್ನು ಮಾತ್ರ ತಡೆಯುವುದು ಇಷ್ಟು ಕಷ್ಟ.

ಉಪಾಧಿಯೇ ಹೋದುದು ಉರುವಲು ಬದಲಾದಾಗ. ೧೮೯೨ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟನು ನಿರ್ಮಿಸಿದ ಪ್ರೈಮಸ್ ಒಲೆಯೂ ಅದರ ಮಾದರಿಯ ಸೀಮೆಎಣ್ಣೆಯ ಒಲೆಗಳೂ ಪಟ್ಟಣಗಳಿಗೆ ಬಂದು ಭೋರೆಂದು ಮೊರೆದುವು. ಅನಿಲದ ಸಿಲಿಂಡರು ೧೯೫೫ರಲ್ಲಿ ಮುಂಬಯಿಯಲ್ಲಿ ಮೊದಲು ಕಾಣಿಸಿಕೊಂಡಿತು. ೧೯೬೫ರಲ್ಲಿ ಇಂಡೇನ್ ಅನಿಲವು ಕಲಕತ್ತೆಯಲ್ಲಿ ಆರಂಭವಾಗಿ, ಕ್ರಮೇಣ ಕನ್ನಡನಾಡಿನ ಊರುಗಳನ್ನು ಮುಟ್ಟಿತು. ಇದರ ಜೊತೆಯಲ್ಲಿ ನಡೆದ ಇನ್ನೊಂದು ಮಾರ್ಪಾಟು ಇತಿಹಾಸಕಾರರ ಗಮನಕ್ಕೆ ಸಾಕಷ್ಟು ಬಂದಂತೆ ಇಲ್ಲ. ಅದೇನೆಂದರೆ ಅಡುಗೆಯವಳು ಎದ್ದು ನಿಂತುದು. ಸೌದೆಯ ಒಲೆಯು ನೆಲದ ಮೇಲಿನದು. ಈಳಿಗೆಮಣೆಯೂ ಒರಳೂ ಬೀಸುವ ಕಲ್ಲೂ ನೆಲದ ಮೇಲಿನವೇ. ಅನಿಲದ ಒಲೆಯನ್ನು ಸಿಲಿಂಡರಿಗಿಂತ ಎತ್ತರದಲ್ಲಿ ಇಡತಕ್ಕುದಾದುದರಿಂದ ಸೊಂಟದೆತ್ತರದ ಕಟ್ಟೆ ಬಂದಿತು. ಕಟ್ಟೆಯ ಮೇಲೆ ಕಡಪದ ಕಲ್ಲು, ಆಮೇಲೆ ನುಣುಪಾದ ಕಗ್ಗಲ್ಲು. ನೆಲದ ಮೇಲೆ ಕುಳಿತವಳಿಗೆ ಎದುರಿನ ಗೋಡೆಯು ಎಷ್ಟು ಎತ್ತರವಾಗಿದ್ದರೂ ಒಂದೇ. ನಿಂತವಳ ಕಣ್ಣಿಗೆ ಅದು ಅಡ್ಡಿಯಾಯಿತು. ಕಟ್ಟೆಯ ಮೇಲೆ ಕಿಟಕಿಯನ್ನು ತೆರೆದುದು ಆಗಲೇ.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನ ಐದು ಸೂನಗಳನ್ನು, ಎಂದರೆ ಅರಿಯದೆ ಪ್ರಾಣಿಹಿಂಸೆಯು ನಡೆಯುವ ಐದು ಸ್ಥಾನಗಳನ್ನು, ಹೇಳಿದೆ: ಒಲೆ, ಬೀಸುವ ಕಲ್ಲು, ಪೊರಕೆಯೇ ಮೊದಲಾದ ಉಪಕರಣ, ಒರಳೊನಕೆ, ನೀರಿನ ಕೊಡ. ಪ್ರಾಚೀನ ಅಡುಗೆಮನೆಯ ಸಂಪೂರ್ಣವಾದ ಪಟ್ಟಿ ಇದು. ಇವುಗಳಲ್ಲಿ ಪೊರಕೆಯೊಂದನ್ನು ಬಿಟ್ಟು ಮಿಕ್ಕವುಗಳೆಲ್ಲ ಇಪ್ಪತ್ತನೆಯ ಶತಮಾನದಲ್ಲಿ ರೂಪಾಂತರ ಹೊಂದಿದುವು ಅಥವಾ ಮನೆಯಿಂದಲೇ ಹೊರಟುಹೋದುವು. ಬೀಸುವ ಕಲ್ಲು ಗಿರಣಿಗೆ ಸೋತಿತು. ಅದರೊಡನೆ ಬೆಳಗಿನ ಜಾವದ ಬೀಸುವ ಪದಗಳೂ ಹಿಂದೆ ಸರಿದುವು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡನ್ನು ಪ್ರಕಟಿಸದೆ ಇದ್ದಿದ್ದರೆ, ಆ ಕತ್ತಲೆಯ ಕೋಣೆಯಲ್ಲಿ ಕಾವ್ಯವೂ ಇದ್ದಿತೆಂಬುದಕ್ಕೆ ಸಾಕ್ಷಿಯು ಬಹಳ ಕಡಮೆಯಾಗುತ್ತಿದ್ದಿತು. ಯಾರೂ ನೋಡದ, ಯಾರೂ ಕೇಳದ ಸ್ಥಳದಲ್ಲಿ ಹೆಂಗಸರು ಅತ್ತೆಯನ್ನೂ ತವರನ್ನೂ ಕುರಿತು ಮನಬಿಚ್ಚಿ ಹಾಡಿಕೊಂಡರು. ಮುಚ್ಚಿದ ಬಾಗಿಲು ಅವರನ್ನು ಕೂಡಿಹಾಕಿದುದೂ ದಿಟ. ಅವರಿಗೊಂದು ಮರೆಯನ್ನು ಕೊಟ್ಟುದೂ ದಿಟ. ತೆರೆದ ಅಡುಗೆಮನೆಯನ್ನು ಹೊಗಳುವವರು ಎರಡನೆಯ ಮಾತನ್ನು ಬಿಟ್ಟುಬಿಡುವರು.

ಗೋಡೆಯನ್ನು ತೆಗೆಯುವ ಪದ್ಧತಿಯು ಪಶ್ಚಿಮದಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಯೂ ಅದು ನೇರವಾಗಿ ನಡೆಯಲಿಲ್ಲ. ೧೯೨೬ರಲ್ಲಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿಯೆಂಬ ಶಿಲ್ಪಿ ಫ್ರಾಂಕ್‌ಫರ್ಟಿನ ಕಾರ್ಮಿಕರ ವಸತಿಗಳಿಗಾಗಿ ರೂಪಿಸಿದ ಪ್ರಸಿದ್ಧವಾದ ಅಡುಗೆಮನೆಯು ಸುಮಾರು ೧೦,೦೦೦ ಮನೆಗಳಲ್ಲಿ ನಿರ್ಮಿತವಾಯಿತು. ಪ್ರಯೋಗಶಾಲೆಯಂತೆ ಅಚ್ಚುಕಟ್ಟಾದ ಅದು ಒಬ್ಬಳೇ ನಿಲ್ಲಬಹುದಾದ ಇಕ್ಕಟ್ಟಾದ ಪ್ರತ್ಯೇಕ ಕೋಣೆ. ಅಮೆರಿಕದಲ್ಲಿ ಫ್ರಾಂಕ್ ಲಾಯ್ಡ್ ರೈಟನು ೧೯೩೪ರಲ್ಲಿ ಮಿನಿಯಾಪೊಲಿಸಿನಲ್ಲಿ ಕಟ್ಟಿದ ಮನೆಯೊಂದರಲ್ಲಿ ಅಡುಗೆಯ ಸ್ಥಳವನ್ನು ಬೈಠಕ್ಕಿನ ಕಡೆಗೆ ತೆರೆದನು. ಕೆಲಸದಾಳುಗಳಿಲ್ಲದ ಮನೆಯೊಡತಿಯು ಅತಿಥಿಗಳೊಡನೆ ಮಾತನಾಡುತ್ತ ಅಡುಗೆ ಮಾಡಬೇಕಾಗಿ ಬಂದುದು ಅಲ್ಲಿನ ಕಾರಣ. ಇಲ್ಲಿಗೆ ಬಂದುದು ಆ ರೂಪ, ಆ ಕಾರಣವಲ್ಲ.

ಆದುದರಿಂದಲೇ ಹಳೆಯ ಮನೆಯ ಅಡುಗೆಮನೆಯನ್ನು ಬಯಲುಮಾಡಲು ಹೊರಟ ಕನ್ನಡಿಗನಿಗೆ ಕೆಲವು ತೊಡಕುಗಳು ಎದುರಾಗುವುವು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯು ಬರಿಯ ಮರೆಯಲ್ಲ. ಮಾಡಿನ ತೊಲೆಗಳನ್ನು ಹೊತ್ತಿರುವುದು. ಅದನ್ನು ಒಡೆಯುವ ಮೊದಲು ಊರೆಗಳನ್ನು ಕೊಟ್ಟು, ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆಯನ್ನು ಎರಡು ಕಂಬಗಳ ಮೇಲೆ ಕೂಡಿಸಬೇಕು. ಹೊಗೆಯಿಂದ ಕಪ್ಪಾದ ಗೋಡೆಗೆ ಸುಣ್ಣವು ಹಿಡಿಯುವುದಿಲ್ಲ. ಗಾರೆಯನ್ನೇ ಕೆತ್ತಿ ತೆಗೆಯಬೇಕು. ಇಷ್ಟಾದರೂ ಮುಗಿಯಲಿಲ್ಲ. ಸೌದೆಯ ಹೊಗೆ ಹೋಯಿತು, ಒಗ್ಗರಣೆಯ ಘಾಟು ಉಳಿಯಿತು. ಬ್ಯಾಡಗಿಯ ಮೆಣಸಿನಕಾಯನ್ನು ಹುರಿದಾಗ ಮನೆಮಂದಿಯೆಲ್ಲ ಕೆಮ್ಮುವರು. ಈ ಘಾಟಿಗೆ ಆರ್ದ್ರೇಂಧನವು ಕಾರಣವಲ್ಲ. ಕನ್ನಡಿಗರ ನಾಲಗೆಯೇ ಕಾರಣ. ಅದಕ್ಕೆ ಗಾಳಿಯನ್ನು ಸೆಳೆಯುವ ಯಂತ್ರವನ್ನು ಒಲೆಯ ಮೇಲೆ ತೂಗಿಹಾಕಿರುವರು. ಹಳೆಯ ಅಟ್ಟವು ಇದ್ದ ಜಾಗದಲ್ಲಿಯೇ.

ಅದಕ್ಕಿಂತಲೂ ವಿಚಾರಿಸತಕ್ಕ ಪರಿಹಾರವು ಇನ್ನೊಂದುಂಟು. ಪಟ್ಟಣದ ಹೊಸ ಮನೆಗಳ ನಕ್ಷೆಯಲ್ಲಿ ತೆರೆದ ಅಡುಗೆಮನೆಯ ಹಿಂದೆ ಯುಟಿಲಿಟಿಯೆಂಬ ಒಂದು ಕಿರುಕೋಣೆಯು ಸೇರಿಕೊಂಡಿದೆ. ಪಾತ್ರೆ ತಿಕ್ಕುವುದು, ರುಬ್ಬುವುದು, ಮೀನೋ ಮೆಣಸಿನಕಾಯೋ ವಾಸನೆ ಬೀರುವ ಕೆಲಸ, ಕಸ, ಬಟ್ಟೆ ಒಗೆಯುವ ಯಂತ್ರ, ಎಲ್ಲವೂ ಅಲ್ಲಿಗೆ. ಮನುವಿನ ಐದು ಸೂನಗಳಲ್ಲಿ ಒಲೆಯೊಂದು ಮುಂದೆ ಬೆಳಕಿನಲ್ಲಿ ನಿಂತಿತು. ಮಿಕ್ಕವು ಹಿಂದೆ ಹೋಗಿ ಮತ್ತೆ ಮರೆಯಾದುವು. ಮನೆಯೊಡತಿಗೆ ಸುಶ್ರುತನ ಗವಾಕ್ಷವು ಕಡೆಗೂ ದೊರೆಯಿತು. ಕೂಲಿಗೆ ಬಂದು ಪಾತ್ರೆ ತಿಕ್ಕುವವಳು ನಿಲ್ಲುವುದು ಹಿಂದಿನ ಕೋಣೆಯಲ್ಲಿ.

ಅವಳು ಸಂಜೆ ತನ್ನ ಮನೆಗೆ ಮರಳಿ ಯಾವ ಒಲೆಯನ್ನು ಹೊತ್ತಿಸುವಳೆಂಬುದೂ ಈ ಇತಿಹಾಸಕ್ಕೆ ಸೇರಿದ ಪ್ರಶ್ನೆಯೇ. ೨೦೧೬ರ ಮೇ ತಿಂಗಳಿನಲ್ಲಿ ಆರಂಭವಾದ ಉಜ್ಜ್ವಲಾ ಯೋಜನೆಯಿಂದ ಬಡ ಕುಟುಂಬಗಳ ಹೆಂಗಸರ ಹೆಸರಿನಲ್ಲಿಯೇ ಅನಿಲದ ಸಂಪರ್ಕವು ದೊರೆಯಿತು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಕುಟುಂಬಗಳಲ್ಲಿ ಶೇಕಡಾ ೫೮.೬ರಷ್ಟು ಹೊಗೆರಹಿತವಾದ ಶುದ್ಧ ಇಂಧನದಿಂದ ಅಡುಗೆ ಮಾಡುತ್ತಿದ್ದುವು. ಮಿಕ್ಕ ಮನೆಗಳಲ್ಲಿ ಅನ್ನಂಭಟ್ಟನ ದೃಷ್ಟಾಂತವು ಹಾಗೆಯೇ ನಡೆದಿದ್ದಿತು. ಸಂಪರ್ಕವನ್ನು ಪಡೆದ ಮನೆಗಳಲ್ಲಿಯೂ ಸಿಲಿಂಡರಿನ ಬೆಲೆ ಏರಿದ ತಿಂಗಳು ಹಿತ್ತಿಲಿನ ಮೂರು ಕಲ್ಲುಗಳ ಒಲೆಯು ಮತ್ತೆ ಹೊತ್ತಿಕೊಳ್ಳುವುದುಂಟು. ಮಳೆಗಾಲವಾದರೆ ಸೌದೆಯು ಹಸಿಯಾಗಿಯೇ ಇರುವುದು.